ಅಮೆರಿಕದಲ್ಲಿ ಓದುತ್ತಾ ಸ್ಕೀ ಪಾಸ್: ವಿದ್ಯಾರ್ಥಿ ದರ ಕೈತಪ್ಪದಂತೆ ಕೊಳ್ಳುವುದು ಹೇಗೆ

ಎಂಎಸ್ ಮಾಡಲು ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬಂದಿಳಿದವರಿಗೆ ಸ್ಕೀಯಿಂಗ್ ನೆನಪಾಗುವುದು ಡಿಸೆಂಬರ್‌ನಲ್ಲಿ. ಪರೀಕ್ಷೆ ಮುಗಿದಿರುತ್ತದೆ, ಹೊರಗೆ ಹಿಮ ಬಿದ್ದಿರುತ್ತದೆ, ರೂಮ್‌ಮೇಟ್ "ನಡಿ, ಹೋಗೋಣ" ಅಂತಾನೆ. ಆಗ ವೆಬ್‌ಸೈಟ್ ತೆರೆದವರಿಗೆ ಎದೆ ಧಸಕ್ಕೆನ್ನುತ್ತದೆ. ಕೊಲರಾಡೋದ ವೇಲ್‌ನಂಥ ದೊಡ್ಡ ಬೆಟ್ಟದಲ್ಲಿ, ಜನ ತುಂಬಿರುವ ದಿನ, ಕೌಂಟರ್‌ನಲ್ಲಿ ನಿಂತು ಕೊಳ್ಳುವ ಒಂದೇ ದಿನದ ಲಿಫ್ಟ್ ಟಿಕೆಟ್, ಅಂದರೆ ಬೆಟ್ಟದ ಮೇಲಕ್ಕೆ ಒಯ್ಯುವ ತೊಟ್ಟಿಲಿನ ಟಿಕೆಟ್, 300 ಡಾಲರ್ ದಾಟುತ್ತದೆ. ಬಾಡಿಗೆ ಸಾಮಾನು, ಊಟ, ಕಾರಿನ ಖರ್ಚು ಬೇರೆ.

ಅದೇ ಬೆಟ್ಟಕ್ಕೆ ನಿಮ್ಮ ಪಕ್ಕದ ಲ್ಯಾಬಿನ ಹುಡುಗಿ ಚಳಿಗಾಲವಿಡೀ ಹೋಗಿಬರುತ್ತಿರುತ್ತಾಳೆ. ಅವಳ ಸ್ಟೈಪೆಂಡ್ ನಿಮ್ಮದಕ್ಕಿಂತ ಜಾಸ್ತಿ ಏನಲ್ಲ. ಅವಳು ಏಪ್ರಿಲ್‌ನಲ್ಲೋ ಸೆಪ್ಟೆಂಬರ್‌ನಲ್ಲೋ ಇಡೀ ಚಳಿಗಾಲಕ್ಕೆ ನಡೆಯುವ ಪಾಸ್ ಕೊಂಡಿದ್ದಾಳೆ, ಅಷ್ಟೇ. ವಿದ್ಯಾರ್ಥಿ ರಿಯಾಯಿತಿ ಸಿಗುವುದು ಹಿಮ ಬೀಳುವುದಕ್ಕೆ ಮುಂಚೆ. ಅದಕ್ಕೊಂದು ಕ್ಯಾಲೆಂಡರ್ ಇದೆ, ಒಂದಿಷ್ಟು ಕಾಗದಪತ್ರ ಇದೆ. ಎರಡೂ ಗೊತ್ತಿದ್ದರೆ ಸಾಕು.

1. ಮೊದಲು ನಿಮ್ಮ ದಿನಗಳನ್ನು ಎಣಿಸಿ

ಪಾಸ್‌ನ ಬೆಲೆ ನೋಡುವ ಮೊದಲು ನಿಮ್ಮ ಸೆಮಿಸ್ಟರ್ ನೋಡಿ. ಹೆಚ್ಚಿನ ಬೆಟ್ಟಗಳು ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ತೆರೆದಿರುತ್ತವೆ. ಕೇಳಲಿಕ್ಕೆ ಐದು ತಿಂಗಳು. ಆದರೆ ಡಿಸೆಂಬರ್ ಮಧ್ಯದವರೆಗೆ ಫೈನಲ್ ಪರೀಕ್ಷೆ. ಆಮೇಲೆ ಊರಿಗೆ ಹೋಗುವವರಾದರೆ ಸಂಕ್ರಾಂತಿ ಹತ್ತಿರವಾಗುವ ತನಕ ನೀವು ಇಲ್ಲಿರುವುದೇ ಇಲ್ಲ. ಮತ್ತೆ ಫೆಬ್ರವರಿ ಕೊನೆಗೆ ಮಿಡ್‌ಟರ್ಮ್, ಏಪ್ರಿಲ್‌ನಲ್ಲಿ ಪ್ರಾಜೆಕ್ಟ್. ಕೈಗೆ ಸಿಗುವುದು ಜನವರಿ, ಫೆಬ್ರವರಿಯ ಕೆಲವು ವಾರಾಂತ್ಯಗಳು ಮತ್ತು ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್. ಅದರಲ್ಲೂ ಕಾರು ಇರುವ ಗೆಳೆಯರ ಕೃಪೆ ಬೇಕು.

ಈಗ ಲೆಕ್ಕ. ಉದಾಹರಣೆಗೆ ವಿದ್ಯಾರ್ಥಿ ಪಾಸ್ 450 ಡಾಲರ್ ಎಂದಿಟ್ಟುಕೊಳ್ಳಿ. ಪಾಸ್ ಮಾರುವವರು ಅದನ್ನು ಕೌಂಟರ್ ದರದ ಪಕ್ಕದಲ್ಲಿಟ್ಟು "ಎರಡೇ ದಿನದಲ್ಲಿ ದುಡ್ಡು ವಾಪಸ್" ಅನ್ನುತ್ತಾರೆ. ಆ ಹೋಲಿಕೆಯೇ ತಪ್ಪು. ಕೌಂಟರ್ ದರ ಕೊಟ್ಟು ಹೋಗುವ ಯೋಚನೆ ನಿಮಗೆ ಯಾವತ್ತೂ ಇರಲಿಲ್ಲ, ಅಲ್ವಾ? ಪಾಸ್ ಇಲ್ಲದಿದ್ದರೆ ನಿಜವಾಗಿ ಏನು ಕೊಳ್ಳುತ್ತಿದ್ದಿರೋ ಅದರ ಜೊತೆ ಹೋಲಿಸಿ. ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕೊಂಡ ವಾರದ ದಿನದ ಟಿಕೆಟ್ 90 ಡಾಲರ್‌ಗೆ ಸಿಗುವುದಾದರೆ, ಐದು ದಿನ ಹೋದ ಮೇಲೆಯೇ ಆ ಪಾಸ್‌ನ ದುಡ್ಡು ಹುಟ್ಟುತ್ತದೆ. ಐದಕ್ಕಿಂತ ಕಡಿಮೆ ದಿನವಾದರೆ 5ನೇ ಹಂತಕ್ಕೆ ಹೋಗಿ, ಅಲ್ಲಿ ಬೇರೆ ದಾರಿ ಇದೆ.

ಇನ್ನೊಂದು ಮಾತು. ಜೀವನದಲ್ಲಿ ಒಮ್ಮೆಯೂ ಸ್ಕೀ ಕಾಲಿಗೆ ಕಟ್ಟಿಲ್ಲ ಅನ್ನುವವರು ಮೊದಲ ವರ್ಷ ದೊಡ್ಡ ಪಾಸ್ ಕೊಳ್ಳಲೇಬೇಡಿ. ಕಲಿಯುವವರಿಗೆ ಬೇಕಾಗುವುದು ಹಸಿರು ವೃತ್ತದ ಗುರುತಿರುವ ಸುಲಭದ ಇಳಿಜಾರು ಮಾತ್ರ. ಅದು ಊರ ಪಕ್ಕದ ಸಣ್ಣ ಗುಡ್ಡದಲ್ಲೂ ಇರುತ್ತದೆ. ಷಿಕಾಗೋದವರಿಗೆ ವಿಸ್ಕಾನ್ಸಿನ್ ಗಡಿಯಾಚೆಯ ವಿಲ್ಮಟ್ ಇದೆ, ರಾಚೆಸ್ಟರ್‌ನವರಿಗೆ ಬ್ರಿಸ್ಟಲ್ ಮೌಂಟನ್ ಇದೆ. ಲಿಫ್ಟ್, ಪಾಠ, ಬಾಡಿಗೆ ಸಾಮಾನು ಮೂರೂ ಸೇರಿದ ಆರಂಭಿಕರ ಪ್ಯಾಕೇಜ್ ತೆಗೆದುಕೊಳ್ಳಿ. ಜನವರಿಯನ್ನು ಅಮೆರಿಕದ ಸ್ಕೀ ಉದ್ಯಮ ಕಲಿಕೆಯ ತಿಂಗಳೆಂದು ಆಚರಿಸುತ್ತದೆ. ಆ ತಿಂಗಳು ಇಂಥ ಪ್ಯಾಕೇಜ್‌ಗಳ ಮೇಲೆ ಹೆಚ್ಚಿನ ರಿಯಾಯಿತಿ ಕಾಣುತ್ತದೆ.

2. ಯಾವ ಪಾಸ್?

ಇದನ್ನು ತೀರ್ಮಾನಿಸುವುದು ನಿಮ್ಮ ಯೂನಿವರ್ಸಿಟಿ ಇರುವ ಜಾಗ. ಬೇರೆ ಯಾರ ಮಾತೂ ಬೇಡ.

ದೊಡ್ಡವು ಎರಡು. ವೇಲ್ ರೆಸಾರ್ಟ್ಸ್ ಕಂಪನಿಯ ಎಪಿಕ್ ಪಾಸ್ 2008ರಲ್ಲಿ ಶುರುವಾಯಿತು. ಕೊಲರಾಡೋದ ವೇಲ್, ಬ್ರೆಕೆನ್‌ರಿಜ್, ಕೀಸ್ಟೋನ್, ಯೂಟಾದ ಪಾರ್ಕ್ ಸಿಟಿ, ಟಾಹೋ ಸರೋವರದ ಹತ್ತಿರದ ಹೆವನ್ಲಿ, ನಾರ್ತ್‌ಸ್ಟಾರ್, ವರ್ಮಾಂಟ್‌ನ ಸ್ಟೋ, ಕೆನಡಾದ ವಿಸ್ಲರ್ ಇದರಲ್ಲಿ ಬರುತ್ತವೆ. ಆಲ್ಟೆರಾ ಕಂಪನಿಯ ಐಕಾನ್ ಪಾಸ್ ಬಂದದ್ದು 2018ರಲ್ಲಿ. ಕೊಲರಾಡೋದ ವಿಂಟರ್ ಪಾರ್ಕ್, ಸ್ಟೀಮ್‌ಬೋಟ್, ಕ್ಯಾಲಿಫೋರ್ನಿಯಾದ ಪ್ಯಾಲಿಸೇಡ್ಸ್ ಟಾಹೋ, ಮ್ಯಾಮತ್, ಯೂಟಾದ ಸಾಲಿಟ್ಯೂಡ್ ಇದರ ಕಡೆಗಿವೆ. ಎರಡೂ ಕಂಪನಿಗಳು ಹತ್ತಾರು ಬೆಟ್ಟಗಳ ಹೆಸರು ತೋರಿಸುತ್ತವೆ. ನೀವು ಹೋಗುವುದು ಎರಡಕ್ಕೋ ಮೂರಕ್ಕೋ. ಜಪಾನ್, ಸ್ವಿಟ್ಜರ್ಲೆಂಡ್ ಬೆಟ್ಟಗಳ ಪಟ್ಟಿ ನೋಡಿ ಮರುಳಾಗಬೇಡಿ.

ವಿದ್ಯಾರ್ಥಿ ದರ ಇವೆರಡರಲ್ಲಿ ಒಂದೇ ಥರ ಇರುವುದಿಲ್ಲ. ಐಕಾನ್ ಕಾಲೇಜು ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುತ್ತಾ ಬಂದಿದೆ. ಎಪಿಕ್‌ನಲ್ಲಿ ಈಶಾನ್ಯ ರಾಜ್ಯಗಳು, ಟಾಹೋ ಮುಂತಾದ ಒಂದೊಂದು ಪ್ರದೇಶದ ಪಾಸ್‌ಗಳಿಗೆ ಕಾಲೇಜು ದರ ಇರುತ್ತದೆ. ಆ ಪ್ರಾದೇಶಿಕ ಪಾಸ್ ಪೂರ್ಣ ಪಾಸ್‌ಗಿಂತ ಮೊದಲೇ ಅಗ್ಗ. ಅದರ ಮೇಲೆ ಕಾಲೇಜು ದರ. ಹತ್ತಿರದ ಬೆಟ್ಟ ಅದರಲ್ಲಿದ್ದರೆ ಇನ್ನೇನು ಬೇಕು?

ಬಾಸ್ಟನ್ ಸುತ್ತಮುತ್ತ ಓದುವವರದು ಮಾತ್ರ ಅದೃಷ್ಟ. ನ್ಯೂ ಇಂಗ್ಲೆಂಡ್ ಎಂದು ಕರೆಯುವ ಆ ಈಶಾನ್ಯ ಭಾಗದಲ್ಲಿ ಕಾಲೇಜು ಪಾಸ್ ಹಳೆಯ ಸಂಪ್ರದಾಯ. ಸಂಡೇ ರಿವರ್, ಶುಗರ್‌ಲೋಫ್, ಲೂನ್ ಮೂರೂ ಸೇರಿದ ನ್ಯೂ ಇಂಗ್ಲೆಂಡ್ ಪಾಸ್‌ಗೆ ಕಾಲೇಜು ದರ ಇದೆ. ನ್ಯೂ ಹ್ಯಾಂಪ್‌ಶೈರ್‌ನ ಕ್ಯಾನನ್, ಬ್ರೆಟನ್ ವುಡ್ಸ್, ಕ್ರ್ಯಾನ್‌ಮೋರ್, ವಾಟರ್‌ವಿಲ್ ವ್ಯಾಲಿ ಸೇರಿದ ವೈಟ್ ಮೌಂಟನ್ ಸೂಪರ್‌ಪಾಸ್‌ಗೂ ಇದೆ. ನನ್ನನ್ನು ಕೇಳಿದರೆ ಆ ಭಾಗದವರು ಎಪಿಕ್, ಐಕಾನ್ ಜಾಹೀರಾತು ನೋಡುವ ಮುಂಚೆ ಇವುಗಳ ಬೆಲೆ ನೋಡಬೇಕು. ಮೈನಸ್ ಹದಿನೈದು ಡಿಗ್ರಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರುವುದು ಅಲ್ಲಿ ಮಾಮೂಲು, ಅದು ಬೇರೆ ವಿಷಯ.

ಇನ್ನು ಇಂಡಿ ಪಾಸ್. ಇದು ಸಣ್ಣ, ಸ್ವತಂತ್ರ ಬೆಟ್ಟಗಳ ಒಕ್ಕೂಟ. ಒಂದೊಂದು ಬೆಟ್ಟದಲ್ಲಿ ಎರಡೆರಡು ದಿನ. ರೋಡ್ ಟ್ರಿಪ್ ಹುಚ್ಚು ಇರುವವರಿಗೆ ಸರಿ.

ವಯಸ್ಸಿನ ದರವನ್ನೂ ನೋಡಿ. ಐಕಾನ್‌ನಲ್ಲಿ 13ರಿಂದ 22 ವರ್ಷದವರಿಗೆ ಬೇರೆ ದರ ಇರುತ್ತದೆ. ಬಿಇ ಮುಗಿಸಿದ ಕೂಡಲೇ ವಿಮಾನ ಹತ್ತಿದವರಿಗೆ 22 ದಾಟಿರದ ಸಾಧ್ಯತೆ ಇದೆ. ಅಂಥವರಿಗೆ ಯಾವ ದಾಖಲೆಯೂ ಬೇಡ, ಹುಟ್ಟಿದ ದಿನಾಂಕ ಸಾಕು. ಸಾಮಾನ್ಯವಾಗಿ ಎರಡು ರಿಯಾಯಿತಿ ಒಟ್ಟಿಗೆ ಸಿಗುವುದಿಲ್ಲ, ಯಾವುದು ಕಡಿಮೆಯೋ ಅದನ್ನು ಹಿಡಿಯಿರಿ.

3. ಕ್ಯಾಲೆಂಡರ್

ಮುಂದಿನ ಚಳಿಗಾಲದ ಪಾಸ್ ಮಾರ್ಚ್ ಹೊತ್ತಿಗೇ ಮಾರಾಟಕ್ಕೆ ಬರುತ್ತದೆ. ಅತಿ ಕಡಿಮೆ ಬೆಲೆ ಆಗಲೇ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವಸಂತದ ಕೊನೆಗೆ ಒಮ್ಮೆ, ಸೆಪ್ಟೆಂಬರ್‌ನ ಮೊದಲ ಸೋಮವಾರ ಬರುವ ಲೇಬರ್ ಡೇ ಸುತ್ತ ಇನ್ನೊಮ್ಮೆ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ಡಿಸೆಂಬರ್ ಮೊದಲ ಭಾಗ ದಾಟಿದರೆ ದೊಡ್ಡ ಪಾಸ್‌ಗಳ ಮಾರಾಟವೇ ನಿಲ್ಲುತ್ತದೆ.

ಹೊಸಬರಿಗೆ ಮಾರ್ಚ್ ಸಿಗುವುದಿಲ್ಲ. ಆಗ ನೀವಿನ್ನೂ ಬೆಂಗಳೂರಲ್ಲೋ ಮೈಸೂರಲ್ಲೋ ವೀಸಾ ಸ್ಲಾಟ್ ಹುಡುಕುತ್ತಾ ಕೂತಿರುತ್ತೀರಿ. ನಿಮ್ಮ ಪಾಲಿಗೆ ಉಳಿಯುವುದು ಲೇಬರ್ ಡೇ. ಬಂದಿಳಿದ ಎರಡು ಮೂರು ವಾರದೊಳಗೆ, ಬ್ಯಾಂಕ್ ಖಾತೆ, ಸಿಮ್, ಹಾಸಿಗೆ ಹೊಂದಿಸುವ ಗಡಿಬಿಡಿಯ ನಡುವೆ ಹಿಮದ ಬಗ್ಗೆ ಯೋಚಿಸಬೇಕು. ಹೊರಗೆ ಬಿಸಿಲು 35 ಡಿಗ್ರಿ ಇದ್ದಾಗ ಇದು ನೆನಪಾಗಲಿ ಅಂತ ಫೋನಿನಲ್ಲಿ ಈಗಲೇ ಒಂದು ರಿಮೈಂಡರ್ ಹಾಕಿ.

ಕಂತಿನ ಬಗ್ಗೆ ಒಂದು ಎಚ್ಚರಿಕೆ. ಸ್ವಲ್ಪ ಮುಂಗಡ ಕಟ್ಟಿ ಕಡಿಮೆ ಬೆಲೆಯನ್ನು ಕಾಯ್ದಿರಿಸುವ ಸೌಲಭ್ಯ ಕೆಲವು ಕಡೆ ಇದೆ. ಒಳ್ಳೆಯದೇ. ಆದರೆ ಬಾಕಿ ಹಣ ಮಳೆಗಾಲದ ಕೊನೆಗೆ ಹೇಳದೆ ಕೇಳದೆ ಕಾರ್ಡ್‌ನಿಂದ ಕಡಿತವಾಗುತ್ತದೆ. ಅಷ್ಟರಲ್ಲಿ ಇಂಟರ್ನ್‌ಶಿಪ್‌ಗೆಂದು ಟೆಕ್ಸಸ್‌ಗೆ ಹೋಗಿದ್ದರೂ ಅದು ಬಿಡುವುದಿಲ್ಲ.

4. ನೀವು ವಿದ್ಯಾರ್ಥಿ ಅಂತ ತೋರಿಸುವುದು

ನಮ್ಮವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಪಾಸ್ ಕಂಪನಿಗಳು ತಾವೇ ಪರಿಶೀಲನೆ ಮಾಡುವುದು ಕಡಿಮೆ. ಐಡಿ ಡಾಟ್ ಮಿ, ಶೀರ್ ಐಡಿ ಥರದ ಮಧ್ಯವರ್ತಿ ಸೇವೆಗಳು ಆ ಕೆಲಸ ಮಾಡುತ್ತವೆ. ಹೆಸರು, ಹುಟ್ಟಿದ ದಿನಾಂಕ, ಯೂನಿವರ್ಸಿಟಿ ಹಾಕಿದರೆ ದಾಖಲೆಗಳ ಜೊತೆ ತಾಳೆ ನೋಡಿ ಒಂದು ಕೋಡ್ ಕೊಡುತ್ತವೆ. ಸರಿಯಾಗಿ ನಡೆದರೆ ಎರಡು ನಿಮಿಷದ ಕೆಲಸ.

ಮೊದಲ ತೊಡಕು ಹೆಸರು. ಅಪ್ಪನ ಹೆಸರಿನ ಇನಿಷಿಯಲ್, ಊರಿನ ಹೆಸರು, ಇಲ್ಲವೇ ಒಂದೇ ಪದದ ಹೆಸರು, ನಮ್ಮಲ್ಲಿ ಇದೆಲ್ಲ ಸಾಮಾನ್ಯ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಅಂತ ಬಂದುಬಿಡುತ್ತದೆ. ಮೊದಲ ಹೆಸರು ತಿಳಿದಿಲ್ಲ ಅನ್ನುವುದರ ಚುಟುಕು ರೂಪ. ಯೂನಿವರ್ಸಿಟಿ ದಾಖಲೆಗೂ ಅದೇ ಹೋಗುತ್ತದೆ. ನೀವು ಮಾತ್ರ ಸ್ಕೀ ವೆಬ್‌ಸೈಟಿನಲ್ಲಿ 'ಮಂಜುನಾಥ ಎಚ್ ಆರ್' ಅಂತ ಅಂದವಾಗಿ ಟೈಪ್ ಮಾಡಿರುತ್ತೀರಿ. ಯಂತ್ರಕ್ಕೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಯೂನಿವರ್ಸಿಟಿ ಪೋರ್ಟಲ್‌ನಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಹಾಕಿ. ನೋಡಲು ಎಷ್ಟೇ ವಿಚಿತ್ರವಾಗಿದ್ದರೂ ಸರಿ. ಪಾಸ್ ಖಾತೆಯಲ್ಲೂ ಅದೇ ಹೆಸರಿರಲಿ.

ಎರಡನೆಯದು ಸಮಯ. ಅಮೆರಿಕದ ಹೆಚ್ಚಿನ ಯೂನಿವರ್ಸಿಟಿಗಳು ದಾಖಲಾತಿ ವಿವರವನ್ನು ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್ ಎಂಬ ಸಂಸ್ಥೆಗೆ ಕಳಿಸುತ್ತವೆ. ತರಗತಿ ಶುರುವಾದ ದಿನವೇ ಕಳಿಸುವುದಿಲ್ಲ. ಕೋರ್ಸ್ ಬದಲಿಸುವ ಗಡುವು ಮುಗಿದ ಮೇಲೆ ಕಳಿಸುವುದೇ ಜಾಸ್ತಿ. ಅಂದರೆ ಆಗಸ್ಟ್ ಕೊನೆಯಲ್ಲಿ ನೀವು ನಿಜವಾದ ವಿದ್ಯಾರ್ಥಿಯೇ ಆಗಿದ್ದರೂ ತಾಳೆ ಸಿಗದಿರಬಹುದು. ಗಾಬರಿ ಬೇಡ. 'ದಾಖಲೆ ಅಪ್‌ಲೋಡ್ ಮಾಡಿ' ಎಂಬ ಆಯ್ಕೆ ಇರುತ್ತದೆ. ಅಲ್ಲಿ ಈ ಮೂರರಲ್ಲಿ ಒಂದನ್ನು ಕೊಡಿ: ಈ ಸೆಮಿಸ್ಟರ್‌ನ ತರಗತಿ ವೇಳಾಪಟ್ಟಿ, ಫೀಸ್ ರಸೀದಿ, ಇಲ್ಲವೇ ರಿಜಿಸ್ಟ್ರಾರ್ ಕಚೇರಿಯ ದಾಖಲಾತಿ ಪತ್ರ. ಮೂರರಲ್ಲಿ ಯಾವುದೇ ಆಗಲಿ, ನಿಮ್ಮ ಪೂರ್ತಿ ಹೆಸರು, ಯೂನಿವರ್ಸಿಟಿ ಹೆಸರು, ಈ ಅವಧಿಯ ದಿನಾಂಕ ಒಂದೇ ಪುಟದಲ್ಲಿ ಕಾಣಬೇಕು. ದಿನಾಂಕ ಇಲ್ಲದ ಐಡಿ ಕಾರ್ಡ್ ಫೋಟೊ ತಿರಸ್ಕೃತವಾಗುವುದು ಸಾಮಾನ್ಯ. ಅಪ್‌ಲೋಡ್ ಮಾಡಿದರೆ ಮನುಷ್ಯರು ನೋಡಿ ಒಪ್ಪಬೇಕು, ದಿನ ಹಿಡಿಯುತ್ತದೆ. ಬೆಲೆ ಏರುವ ಹಿಂದಿನ ರಾತ್ರಿ ಹನ್ನೊಂದಕ್ಕೆ ಕೂತು ಇದನ್ನು ಮಾಡಬೇಡಿ. ಒಂದು ವಾರ ಮೊದಲೇ ಪರಿಶೀಲನೆ ಮುಗಿಸಿಟ್ಟುಕೊಳ್ಳಿ.

ಕೆಲವು ಕಡೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳುವ ಪುಟ ಬರಬಹುದು. ಕ್ಯಾಂಪಸ್ ಕೆಲಸ ಸಿಗದವರ ಬಳಿ ಅದು ಇರುವುದೇ ಇಲ್ಲ. ಆಗಲೂ ದಾಖಲೆ ಅಪ್‌ಲೋಡ್ ದಾರಿಯನ್ನೇ ಹುಡುಕಿ. ವೀಸಾಕ್ಕೆಂದು ಯೂನಿವರ್ಸಿಟಿ ಕೊಟ್ಟ ಐ-20 ಪತ್ರವನ್ನು ಕಂಡಕಂಡಲ್ಲಿ ಹಾಕುವ ಅಗತ್ಯ ಇಲ್ಲ, ಅದರಲ್ಲಿ ನಿಮ್ಮ ಹಣಕಾಸಿನ ವಿವರವೆಲ್ಲ ಇರುತ್ತದೆ.

ಮೂರನೆಯದು 'ಫುಲ್‌ಟೈಮ್'. ಹೆಚ್ಚಿನ ಕಾಲೇಜು ಪಾಸ್‌ಗಳು ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಮಾತ್ರ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಹೇಗೂ ಪೂರ್ಣಾವಧಿಯೇ. ಆದರೆ ಕೊನೆಯ ಸೆಮಿಸ್ಟರ್‌ನಲ್ಲಿ ಒಂದೇ ಕೋರ್ಸ್ ಬಾಕಿ ಇದ್ದರೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅನುಮತಿ ಪಡೆದು ಅಷ್ಟನ್ನೇ ತೆಗೆದುಕೊಳ್ಳಬಹುದು. ವೀಸಾಕ್ಕೆ ಅದು ಸರಿ, ಸ್ಕೀ ಪಾಸ್‌ನ ಯಂತ್ರಕ್ಕೆ ಮಾತ್ರ ನೀವು ಅರೆಕಾಲಿಕ ವಿದ್ಯಾರ್ಥಿ. ಪಾಸ್ ಕೊಳ್ಳುವುದಿದ್ದರೆ ಅದಕ್ಕಿಂತ ಹಿಂದಿನ ಸೆಮಿಸ್ಟರ್‌ನಲ್ಲೇ ಪರಿಶೀಲನೆ ಮಾಡಿಸಿಕೊಳ್ಳಿ. ಒಪಿಟಿ, ಅಂದರೆ ಓದು ಮುಗಿದ ಮೇಲಿನ ಕೆಲಸದ ಅನುಮತಿಯ ಮೇಲಿರುವವರಿಗೆ ವಿದ್ಯಾರ್ಥಿ ವೀಸಾ ಇದ್ದರೂ ದಾಖಲಾತಿ ಇರುವುದಿಲ್ಲ, ಹಾಗಾಗಿ ಕಾಲೇಜು ದರ ಸಿಗದು. ಅವರು ವರ್ಮಾಂಟ್‌ನ ಶುಗರ್‌ಬುಷ್ ಕೊಡುವಂಥ, ಇಪ್ಪತ್ತರ ಹರೆಯದವರ ಪಾಸ್‌ಗಳನ್ನು ಹುಡುಕಲಿ.

5. ಪಾಸ್ ಬೇಡ ಅನ್ನಿಸಿದರೆ

ಮೂರು ನಾಲ್ಕು ದಿನ ಮಾತ್ರ ಹೋಗುವವರಿಗೆ ದಿನ ಎಣಿಕೆಯ ಪಾಸ್ ಸರಿ. ಎಪಿಕ್ ಡೇ ಪಾಸ್‌ನಲ್ಲಿ ಒಂದರಿಂದ ಏಳು ದಿನದವರೆಗೆ ಎಷ್ಟು ಬೇಕೋ ಅಷ್ಟು ಕೊಳ್ಳಬಹುದು. ಯಾವ ದಿನ ಅಂತ ಆಗಲೇ ಹೇಳಬೇಕಿಲ್ಲ. ಇದೂ ಡಿಸೆಂಬರ್‌ಗೆ ಮುಂಚೆಯೇ ಕೊಳ್ಳಬೇಕಾದದ್ದು.

ಪಾಸ್ ಇರುವ ಗೆಳೆಯರಿದ್ದಾರಾ? ಎರಡೂ ದೊಡ್ಡ ಕಂಪನಿಗಳು ಪಾಸ್‌ದಾರರಿಗೆ ಸ್ನೇಹಿತರ ರಿಯಾಯಿತಿ ಟಿಕೆಟ್ ಕೊಡುತ್ತವೆ. ಹೆಚ್ಚಿನವರು ಅದನ್ನು ಬಳಸುವುದೇ ಇಲ್ಲ. ನಾಚಿಕೆ ಬಿಟ್ಟು ಕೇಳಿ.

ಯೂನಿವರ್ಸಿಟಿಯ ಸ್ಕೀ ಕ್ಲಬ್ ಮತ್ತು ರಿಕ್ರಿಯೇಷನ್ ಸೆಂಟರ್‌ಗೂ ಒಮ್ಮೆ ಹೋಗಿ ಬನ್ನಿ. ಬಸ್, ಟಿಕೆಟ್, ಬಾಡಿಗೆ ಸಾಮಾನು ಸೇರಿಸಿದ ಪ್ರವಾಸ ಅಲ್ಲಿ ಸಿಗುತ್ತದೆ. ನೀವು ಕಟ್ಟುವ ಫೀಸಿನಲ್ಲಿ ಆ ಸೆಂಟರ್‌ನ ಪಾಲು ಆಗಲೇ ಇದೆ.

ಒಂದು ದಾರಿ ಮಾತ್ರ ಬೇಡ. "ವಾರಾಂತ್ಯ ಲಿಫ್ಟ್ ಹತ್ತಿರ ಕೆಲಸ ಮಾಡು, ಪಾಸ್ ಫ್ರೀ ಕೊಡ್ತಾರೆ" ಅಂತ ಅಮೆರಿಕನ್ ಸಹಪಾಠಿಗಳು ಹೇಳುತ್ತಾರೆ. ಅವರಿಗೆ ಅದು ಒಳ್ಳೆಯ ಉಪಾಯ. ಎಫ್-1 ವೀಸಾದವರು ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ಕೆಲಸ ಮಾಡುವಂತಿಲ್ಲ. ಕೆಲಸಕ್ಕೆ ಬದಲಾಗಿ ಸಿಗುವ ಪಾಸ್ ಕೂಡ ಸಂಬಳವೇ. ಕೆಲವು ನೂರು ಡಾಲರ್ ಉಳಿಸಲು ವೀಸಾ ಕಳೆದುಕೊಳ್ಳಬೇಡಿ.

ಹಾಗೇ ವಾಟ್ಸಾಪ್ ಗುಂಪಿನಲ್ಲಿ "ನನ್ನ ಪಾಸ್ ಈ ಶನಿವಾರ ಬಾಡಿಗೆಗೆ" ಅಂತ ಬಂದರೆ ಸುಮ್ನೆ ಮುಂದೆ ಹೋಗಿ. ಗೇಟಿನಲ್ಲಿ ಪಾಸ್ ಸ್ಕ್ಯಾನ್ ಆದಾಗ ಮಾಲೀಕರ ಫೋಟೊ ಸಿಬ್ಬಂದಿಯ ಪರದೆಯಲ್ಲಿ ಕಾಣುತ್ತದೆ. ಸಿಕ್ಕಿಬಿದ್ದರೆ ಪಾಸ್ ರದ್ದು.

6. ದುಡ್ಡು ಕಟ್ಟುವ ಮೊದಲು ಓದಬೇಕಾದ್ದು

ಅಗ್ಗದ ಪಾಸ್‌ಗಳಲ್ಲಿ ಬ್ಲ್ಯಾಕೌಟ್ ದಿನಗಳಿರುತ್ತವೆ, ಅಂದರೆ ಪಾಸ್ ನಡೆಯದ ದಿನಗಳು. ಸಾಮಾನ್ಯವಾಗಿ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಜನವರಿ ಮೂರನೇ ಸೋಮವಾರದ ಮಾರ್ಟಿನ್ ಲೂಥರ್ ಕಿಂಗ್ ರಜೆ, ಫೆಬ್ರವರಿ ಮೂರನೇ ಸೋಮವಾರದ ಪ್ರೆಸಿಡೆಂಟ್ಸ್ ಡೇ ರಜೆ. ಉದ್ದ ವಾರಾಂತ್ಯಗಳೆಲ್ಲ ಇವೇ. ಆದರೆ ಇದಕ್ಕೆ ಹೆದರಿ ದುಬಾರಿ ಪಾಸ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಆ ದಿನಗಳಲ್ಲಿ ಲಿಫ್ಟ್ ಸಾಲಿನಲ್ಲಿ ನಿಲ್ಲುವುದೇ ಆಗುತ್ತದೆ. ಮಂಗಳವಾರ ತರಗತಿ ಇಲ್ಲದಂತೆ ವೇಳಾಪಟ್ಟಿ ಮಾಡಿಕೊಳ್ಳುವವರೇ ಜಾಣರು.

ಗಾಯವಾದರೆ, ಊರಿಗೆ ತುರ್ತಾಗಿ ಹೋಗಬೇಕಾದರೆ ಹಣ ವಾಪಸ್ ಬರುತ್ತದಾ ನೋಡಿ. ಎಪಿಕ್‌ನಲ್ಲಿ ಇಂಥ ರಕ್ಷಣೆ ಪಾಸ್ ಜೊತೆಗೇ ಬರುತ್ತದೆ, ಬೇರೆ ಕಡೆ ಪ್ರತ್ಯೇಕ ವಿಮೆ ಕೊಳ್ಳಬೇಕಾಗಬಹುದು. ಕೆಲವು ಬೆಟ್ಟಗಳಿಗೆ ಪಾಸ್ ಇದ್ದರೂ ಹೋಗುವ ದಿನವನ್ನು ಮೊದಲೇ ಕಾಯ್ದಿರಿಸಬೇಕು, ಕೆಲವು ಕಡೆ ಪಾರ್ಕಿಂಗ್‌ಗೂ.

ನಿಮ್ಮ ಯೂನಿವರ್ಸಿಟಿ ಆರೋಗ್ಯ ವಿಮೆ ಸ್ಕೀಯಿಂಗ್ ಗಾಯಕ್ಕೆ ಅನ್ವಯಿಸುತ್ತದಾ, ಬೇರೆ ಊರಿನ ಆಸ್ಪತ್ರೆಗೆ ನಡೆಯುತ್ತದಾ ಅಂತ ತಿಳಿದುಕೊಳ್ಳಿ. ಗಾಯಗೊಂಡವರನ್ನು ಬೆಟ್ಟದ ಮೇಲಿಂದ ಸ್ಕೀ ಪಟ್ರೋಲ್ ಎಂಬ ರಕ್ಷಣಾ ತಂಡದವರು ಜಾರುಬಂಡಿಯಲ್ಲಿ ಇಳಿಸುವುದಕ್ಕೆ ಹೆಚ್ಚಿನ ಕಡೆ ದುಡ್ಡಿಲ್ಲ. ಕೆಳಗೆ ನಿಂತಿರುವ ಆಂಬುಲೆನ್ಸ್‌ಗೆ ಇದೆ. ಆ ಬಿಲ್ ಪಾಸ್‌ಗಿಂತ ದೊಡ್ಡದಾದೀತು.

7. ಪಾಸ್ ಆಚೆಗಿನ ಖರ್ಚು

ಕಾರು ಇಲ್ಲದವರು ಪಾಸ್ ಕೊಳ್ಳುವ ಮೊದಲೇ ಬಸ್ ನೋಡಬೇಕು. ಬೌಲ್ಡರ್‌ನಿಂದ ಎಲ್ಡೋರಾ ಬೆಟ್ಟಕ್ಕೆ ಆರ್‌ಟಿಡಿಯ ನಗರ ಸಾರಿಗೆ ಬಸ್ಸೇ ಹೋಗುತ್ತದೆ, ಕೊಲರಾಡೋ ಯೂನಿವರ್ಸಿಟಿ ವಿದ್ಯಾರ್ಥಿಗಳಿಗೆ ಆರ್‌ಟಿಡಿ ಪಾಸ್ ಇದೆ. ಡೆನ್ವರ್ ಯೂನಿಯನ್ ಸ್ಟೇಷನ್‌ನಿಂದ ಸ್ಕೀ ಬೆಟ್ಟಗಳಿಗೆ ಸ್ನೋಸ್ಟ್ಯಾಂಗ್ ಬಸ್, ವಿಂಟರ್ ಪಾರ್ಕ್‌ಗೆ ಆಮ್‌ಟ್ರ್ಯಾಕ್ ರೈಲು ಇವೆ. ಸಾಲ್ಟ್ ಲೇಕ್ ಸಿಟಿಯಿಂದ ಕಾಟನ್‌ವುಡ್ ಕಣಿವೆಗಳಿಗೆ ಯುಟಿಎ ಸ್ಕೀ ಬಸ್ ಓಡುತ್ತದೆ.

ಹಳೆಯ ಕಾರು ಕೊಂಡವರು ಟೈರ್ ನೋಡಿಕೊಳ್ಳಿ. ಕೊಲರಾಡೋದಲ್ಲಿ ಐ-70 ಹೆದ್ದಾರಿಯ ಬೆಟ್ಟದ ಭಾಗದಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಹಿಮಕ್ಕೆ ತಕ್ಕ ಟೈರ್ ಇರಲೇಬೇಕು ಇಲ್ಲವೇ ಟೈರ್‌ಗೆ ಸುತ್ತುವ ಚೈನ್ ಕಾರಿನಲ್ಲಿರಬೇಕು ಎಂಬ ಕಾನೂನಿದೆ. ಟಾಹೋ ದಾರಿಯಲ್ಲಿ ಹಿಮ ಸುರಿದಾಗ ಚೈನ್ ತಪಾಸಣೆ ಮಾಡುತ್ತಾರೆ. ನಾಲ್ಕು ಜನ ಒಂದೇ ಕಾರಿನಲ್ಲಿ ಹೋದರೆ ಕೆಲವು ಬೆಟ್ಟಗಳಲ್ಲಿ ಪಾರ್ಕಿಂಗ್ ಕೂಡ ಉಚಿತ.

ಸ್ಕೀ, ಬೂಟು ದಿನ ದಿನವೂ ಬಾಡಿಗೆಗೆ ತೆಗೆದುಕೊಂಡರೆ ಪಾಸ್‌ನಲ್ಲಿ ಉಳಿಸಿದ್ದು ಅಲ್ಲೇ ಹೋಗುತ್ತದೆ. ಇಡೀ ಸೀಸನ್‌ಗೆ ಬಾಡಿಗೆ ಕೊಡುವ ಅಂಗಡಿಗಳಿವೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹೋಗಿ. ಜಾಕೆಟ್, ಪ್ಯಾಂಟು ಗುಡ್‌ವಿಲ್‌ನಂಥ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಸಾಕು. ಹೆಲ್ಮೆಟ್ ಮಾತ್ರ ಹೊಸದೇ ಇರಲಿ. ಜೀನ್ಸ್ ಹಾಕಿಕೊಂಡು ಹೋಗಬೇಡಿ, ಒಮ್ಮೆ ಬಿದ್ದರೆ ಸಂಜೆವರೆಗೂ ಒದ್ದೆ.

ಊಟ ಕಟ್ಟಿಕೊಂಡು ಹೋಗಿ. ಬೆಟ್ಟದ ಮೇಲಿನ ಹೋಟೆಲಿನಲ್ಲಿ ಸಸ್ಯಾಹಾರಿಗೆ ಸಿಗುವುದು ಫ್ರೈಸ್ ಮತ್ತು ಪಿಜ್ಜಾ, ಅದೂ ವಿಮಾನ ನಿಲ್ದಾಣದ ಬೆಲೆಗೆ. ಚಪಾತಿ ಸುರುಳಿ ಜೇಬಿನಲ್ಲಿ ಚೆನ್ನಾಗಿ ಕೂರುತ್ತದೆ. ನೀರು ಜಾಸ್ತಿ ಕುಡಿಯಿರಿ. ಬ್ರೆಕೆನ್‌ರಿಜ್ ಪಟ್ಟಣವೇ 9,600 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ಮೊದಲ ದಿನ ತಲೆನೋವು ಬಂದರೆ ಅದು ಎತ್ತರದ್ದು.

8. ಪದವಿ ಮುಗಿಯುವ ವರ್ಷ

ಮೇ ತಿಂಗಳಲ್ಲಿ ಪದವಿ ಪಡೆಯುವವರು ಮಾರ್ಚ್‌ನಲ್ಲಿ ಇನ್ನೂ ವಿದ್ಯಾರ್ಥಿಗಳೇ. ಮುಂದಿನ ಚಳಿಗಾಲದ ಪಾಸ್ ಅಷ್ಟೊತ್ತಿಗೆ ಮಾರಾಟಕ್ಕೆ ಬಂದಿರುತ್ತದೆ, ಅದೂ ಅತಿ ಕಡಿಮೆ ಬೆಲೆಗೆ. ಕೊಳ್ಳುವ ದಿನ ವಿದ್ಯಾರ್ಥಿಯಾಗಿದ್ದರೆ ಸಾಕು ಅನ್ನುವ ಪಾಸ್‌ಗಳಿವೆ, ಚಳಿಗಾಲದಲ್ಲೂ ಓದುತ್ತಿರಬೇಕು ಅನ್ನುವ ಪಾಸ್‌ಗಳೂ ಇವೆ. ನಿಯಮ ಸ್ಪಷ್ಟವಾಗಿಲ್ಲ ಅನ್ನಿಸಿದರೆ ಫೋನ್ ಮಾಡಬೇಡಿ, ಇಮೇಲ್‌ನಲ್ಲಿ ಕೇಳಿ. "ನಾನು ಮೇನಲ್ಲಿ ಪದವಿ ಮುಗಿಸುತ್ತೇನೆ, ಈಗ ಕೊಂಡರೆ ಡಿಸೆಂಬರ್‌ನಲ್ಲಿ ನಡೆಯುತ್ತದಾ?" ಇಷ್ಟೇ ಪ್ರಶ್ನೆ. ಬಂದ ಉತ್ತರವನ್ನು ಯೂನಿವರ್ಸಿಟಿ ಇಮೇಲ್‌ನಲ್ಲಿ ಇಡಬೇಡಿ, ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ಪಾಸ್ ಖಾತೆಯ ಇಮೇಲ್ ವಿಳಾಸವನ್ನೂ ಬದಲಿಸಿಡಿ. ಪದವಿ ಮುಗಿದ ಮೇಲೆ ಯೂನಿವರ್ಸಿಟಿ ಇಮೇಲ್ ಯಾವಾಗ ಬೇಕಾದರೂ ಮುಚ್ಚಬಹುದು, ಆಗ ಪಾಸ್ ಖಾತೆಗೆ ಲಾಗಿನ್ ಆಗುವುದೇ ಕಷ್ಟ.